ಶತಪದಿಗೆ ನೂರು ಕಾಲಿಲ್ಲ

ಮಳೆಗಾಲದಲ್ಲಿ ಬಚ್ಚಲ ಮೂಲೆಯಿಂದ ಹೊರಬರುವ ಜರಿಯನ್ನು ಶಾಲೆಯ ಪುಸ್ತಕ ಶತಪದಿ ಎನ್ನುತ್ತದೆ. ಹೆಸರಿನ ಲೆಕ್ಕವೇ ತಪ್ಪು. ಜಾತಿಗೆ ತಕ್ಕಂತೆ ಜರಿಗಳಿಗೆ 15ರಿಂದ 191 ಜೊತೆ ಕಾಲುಗಳಿರುತ್ತವೆ. ಆದರೆ ಬೆಳೆದ ಜರಿಯಲ್ಲಿ ಜೊತೆಗಳ ಸಂಖ್ಯೆ ಸದಾ ಬೆಸ: 15, 21, 49, 51. ನೂರು ಕಾಲಿಗೆ 50 ಜೊತೆ ಬೇಕು, ಅದು ಸಮ. ಸಮ ಜೊತೆಯ ಜರಿ ಸಿಕ್ಕರೆ ಅದು ತೀರಾ ಅಪರೂಪದ ಅಪವಾದ.

ಹೆಸರಿನ ತಪ್ಪಿಗಿಂತ ದೊಡ್ಡ ತಪ್ಪು ಇನ್ನೊಂದಿದೆ. ನೈಸರ್ಗಿಕ ಆಯ್ಕೆ ಜೀವಿಗೆ ಬೇಕಾದ ಆಕಾರವನ್ನೆಲ್ಲ ಕಡೆದು ಕೊಡುತ್ತದೆ, ಹಾಗಾಗಿ ದೇಹದ ಪ್ರತಿ ವಿವರಕ್ಕೂ ಒಂದು ಉಪಯೋಗ ಇರಲೇಬೇಕು ಎಂದು ಬಹಳ ಜನ ನಂಬಿದ್ದಾರೆ. ಹಾಗಿದ್ದರೆ 49 ಜೊತೆಯೂ ಒಳ್ಳೆಯದು, 51 ಕೂಡ ಒಳ್ಳೆಯದು, ನಡುವಿನ 50 ಮಾತ್ರ ಬದುಕಿಗೆ ಕುತ್ತು ಎನ್ನಬೇಕಾಗುತ್ತದೆ. ನನಗಂತೂ ಇದು ಒಪ್ಪುವ ಮಾತಲ್ಲ.

ಉತ್ತರ ಮೊಟ್ಟೆಯೊಳಗಿದೆ. ಯುರೋಪಿನ ಕಡಲತೀರದಲ್ಲಿ ಕಲ್ಲುಗಳ ಅಡಿ ಬದುಕುವ ಸ್ಟ್ರಿಗೇಮಿಯಾ ಮಾರಿಟಿಮಾ ಎಂಬ ಜರಿಯ ಭ್ರೂಣಗಳನ್ನು ಏರಿಯಲ್ ಚಿಪ್‌ಮನ್, ವ್ಯಾಲೇಸ್ ಆರ್ಥರ್ ಮತ್ತು ಮೈಕೆಲ್ ಏಕಮ್ ಪರೀಕ್ಷಿಸಿ 2004ರಲ್ಲಿ ವರದಿ ಮಾಡಿದರು. ದೇಹದ ಖಂಡಗಳಿಗೆ ಗುರುತು ಹಾಕುವ ಜೀನಿನ ಪಟ್ಟೆಗಳು ಮೊದಲು ಎರಡು ಖಂಡಕ್ಕೊಂದರಂತೆ ಮೂಡುತ್ತವೆ. ಆಮೇಲೆ ಅವುಗಳ ನಡುನಡುವೆ ಇನ್ನೊಂದೊಂದು ಪಟ್ಟೆ ಕಾಣಿಸಿಕೊಳ್ಳುತ್ತದೆ. ಕಾಲು ಹೊರುವ ಖಂಡಗಳು ಹೀಗೆ ಬಹುಮಟ್ಟಿಗೆ ಎರಡೆರಡಾಗಿ ಸೇರುತ್ತವೆ. ಒಂದು ಖಂಡಕ್ಕೆ ಒಂದು ಜೊತೆ ಕಾಲು. 47ಕ್ಕೆ ಎರಡು ಸೇರಿದರೆ 49. ಬೆಸದ ಗುಟ್ಟು ಇಲ್ಲಿದೆ ಎಂಬುದು ಅವರ ವಿವರಣೆ. ಹುಟ್ಟದೇ ಇರುವ 48ನ್ನು ಆಯ್ಕೆ ಉಳಿಸುವುದೂ ಇಲ್ಲ, ಅಳಿಸುವುದೂ ಇಲ್ಲ.

ಹಾಗಾದರೆ ಬೆಳವಣಿಗೆಯೇ ಎಲ್ಲ, ಆಯ್ಕೆಗೆ ಕೆಲಸವಿಲ್ಲ ಎನ್ನುವುದೂ ಅಷ್ಟೇ ತಪ್ಪು. ಮೂರುಮುಳ್ಳಿನ ಸ್ಟಿಕಲ್‌ಬ್ಯಾಕ್ ಮೀನನ್ನು ನೋಡಿ. ಸಮುದ್ರದಲ್ಲಿ ಅದರ ಹೊಟ್ಟೆಯ ಬದಿಯ ಮುಳ್ಳು ಬೇಟೆ ಮೀನುಗಳಿಂದ ಕಾಪಾಡುತ್ತದೆ. ಹಿಮಯುಗ ಮುಗಿದು ಹೊಸ ಕೆರೆಗಳಲ್ಲಿ ನೆಲೆಸಿದ ಹಲವು ಗುಂಪುಗಳು ಸುಮಾರು 10,000 ವರ್ಷಗಳಲ್ಲಿ ಬೇರೆಬೇರೆಯಾಗಿಯೇ ಆ ಮುಳ್ಳು ಕಳೆದುಕೊಂಡವು. ಹಾಗೆಂದು ಆ ಮುಳ್ಳು ಬೆಳೆಯಲು ಬೇಕಾದ ಪಿಟೆಕ್ಸ್‌-1 ಎಂಬ ಜೀನ್ ಕೆಟ್ಟಿಲ್ಲ. ತಲೆಯ ಭಾಗಗಳ ಬೆಳವಣಿಗೆಗೂ ಅದೇ ಬೇಕು, ಪೂರ್ತಿ ಕೆಟ್ಟರೆ ಮೀನು ಉಳಿಯುವುದು ಕಷ್ಟ. ಹೋಗಿರುವುದು ಹೊಟ್ಟೆಯ ಬದಿಯಲ್ಲಿ ಮಾತ್ರ ಅದನ್ನು ಚಾಲೂ ಮಾಡುವ ಡಿಎನ್ಎ ತುಣುಕು. ಆ ಜಾಗದಲ್ಲಿ ಆಯ್ಕೆ ಬಲವಾಗಿ ನಡೆದ ಗುರುತುಗಳು 2010ರ ಅಧ್ಯಯನದಲ್ಲಿ ಸಿಕ್ಕವು. ಆ ತುಣುಕಿನ ಡಿಎನ್ಎ ಸುಲಭವಾಗಿ ಮುರಿಯುವಂಥದ್ದು ಎಂಬುದು ಆಮೇಲೆ ತಿಳಿಯಿತು: ಮುಳ್ಳಿಲ್ಲದ ಮೀನು ಕೆರೆಗಳಲ್ಲಿ ಮತ್ತೆ ಮತ್ತೆ ಹುಟ್ಟುತ್ತಿತ್ತು, ಆಯ್ಕೆ ಅದನ್ನು ಮತ್ತೆ ಮತ್ತೆ ಉಳಿಸಿಕೊಂಡಿತು.