ಬಿಲ್ ಹಿಡಿಯುವ ಕೈಗೆ ಅಂಟುವುದೇನು?

ನಮ್ಮಕ್ಕ ದಾವಣಗೆರೆಯ ಒಂದು ಸೂಪರ್ ಮಾರ್ಕೆಟ್‌ನಲ್ಲಿ ಬಿಲ್ಲಿಂಗ್ ಕೌಂಟರ್ ನೋಡಿಕೊಳ್ಳುತ್ತಾಳೆ. ಬೆಳಿಗ್ಗೆ ಹತ್ತಕ್ಕೆ ಕೂತರೆ ಏಳುವುದು ಸಂಜೆ ಏಳಕ್ಕೆ. ಹಬ್ಬದ ಹಿಂದಿನ ದಿನಗಳಲ್ಲಿ ಮುನ್ನೂರು ಬಿಲ್ ದಾಟುತ್ತದಂತೆ. ಈಗ ಅವಳಿಗೆ ಐದು ತಿಂಗಳು.

ಕಳೆದ ತಿಂಗಳು ರಜೆಗೆ ಊರಿಗೆ ಹೋದಾಗ, ಬಿಲ್ ರೋಲ್‌ನ ತುಂಡೊಂದರ ಹಿಂದೆ ಅವಳು ಮನೆ ಸಾಮಾನಿನ ಪಟ್ಟಿ ಬರೆಯುತ್ತಿದ್ದಳು. ಎಂ.ಎಸ್ಸಿ. ಕೆಮಿಸ್ಟ್ರಿಯಲ್ಲಿ ಪಾಲಿಮರ್ ಪಾಠ ಆಗಷ್ಟೇ ಮುಗಿದಿತ್ತು. ‘ಅಕ್ಕಾ, ಈ ಕಾಗದಾನ ಬರಿಗೈಲಿ ಜಾಸ್ತಿ ಮುಟ್ಟಬೇಡ’ ಅಂದೆ.

‘ಬಿಲ್ ಮುಟ್ಟದೆ ಬಿಲ್ ಹಾಕೋದು ಹೆಂಗೋ? ನಿನ್ನ ಪುಸ್ತಕದಾಗೆ ಅದನ್ನೂ ಬರೆದಾರೇನು?’ ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, ‘ಮಗೂಗೆ ಏನಾದ್ರೂ ಆಗುತ್ತಾ?’ ಎಂದು ಕೇಳಿದಳು. ಆ ಪ್ರಶ್ನೆಗೆ ನನ್ನಲ್ಲಿ ಸರಿಯಾದ ಉತ್ತರ ಇರಲಿಲ್ಲ. ಹೆದರಿಸುವುದು ಸುಲಭ, ತಿಳಿಸಿ ಹೇಳುವುದು ಕಷ್ಟ. ಹಾಗಾಗಿ ಕೂತು ಓದಿದೆ. ಓದಿದ್ದರಲ್ಲಿ ನಿಮಗೂ ಬೇಕಾದದ್ದು ಇದೆ ಅನ್ನಿಸಿತು.

ಔಷಧಿ ಆಗಬೇಕಿದ್ದ ಪ್ಲಾಸ್ಟಿಕ್

ಈ ರಾಸಾಯನಿಕದ ಹೆಸರು ಬಿಸ್ಫೆನಾಲ್ ಎ, ಚಿಕ್ಕದಾಗಿ ಬಿಪಿಎ. ರಷ್ಯಾದ ರಸಾಯನ ವಿಜ್ಞಾನಿ ಅಲೆಕ್ಸಾಂಡರ್ ಡಯಾನಿನ್ 1891ರಲ್ಲಿ ಇದನ್ನು ಮೊದಲು ತಯಾರಿಸಿದರು. 1936ರಲ್ಲಿ ಬ್ರಿಟನ್ನಿನ ಎಡ್ವರ್ಡ್ ಚಾರ್ಲ್ಸ್ ಡಾಡ್ಸ್, ಹೆಣ್ಣಿನ ಹಾರ್ಮೋನ್ ಈಸ್ಟ್ರೋಜನ್‌ಗೆ ಬದಲಿ ಔಷಧಿ ಹುಡುಕುತ್ತಾ ಬಿಪಿಎಯನ್ನೂ ಪರೀಕ್ಷಿಸಿದರು. ಅದು ಈಸ್ಟ್ರೋಜನ್‌ನಂತೆಯೇ ವರ್ತಿಸುತ್ತಿತ್ತು, ಆದರೆ ದುರ್ಬಲವಾಗಿ. ಅದಕ್ಕಿಂತ ಎಷ್ಟೋ ಪಟ್ಟು ಪ್ರಬಲವಾದ ಇನ್ನೊಂದು ಸಂಯುಕ್ತ ಸಿಕ್ಕಿದ್ದರಿಂದ ಬಿಪಿಎ ಔಷಧಿಯಾಗಲಿಲ್ಲ.

1953ರಲ್ಲಿ ಜರ್ಮನಿ ಮತ್ತು ಅಮೆರಿಕದ ಎರಡು ಕಂಪನಿಗಳ ವಿಜ್ಞಾನಿಗಳು ಪ್ರತ್ಯೇಕವಾಗಿ, ಬಿಪಿಎ ಬಳಸಿ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ ತಯಾರಿಸಿದರು. ಗಾಜಿನಂತೆ ಪಾರದರ್ಶಕ, ಬಿದ್ದರೂ ಒಡೆಯದು. ಹಾಲಿನ ಬಾಟಲಿ, ನೀರಿನ ಕ್ಯಾನ್, ಸಿ.ಡಿ. ಎಲ್ಲದಕ್ಕೂ ಬಂತು. ತಗಡಿನ ಡಬ್ಬಿ ತುಕ್ಕು ಹಿಡಿಯದಂತೆ ಒಳಗೆ ಬಳಿಯುವ ಎಪಾಕ್ಸಿ ಲೇಪನಕ್ಕೂ ಇದೇ ಮೂಲವಸ್ತು. ಹಾರ್ಮೋನ್‌ನಂತೆ ಕೆಲಸ ಮಾಡುತ್ತದೆ ಎಂದು ಮೊದಲೇ ಗೊತ್ತಿದ್ದ ವಸ್ತು ಹೀಗೆ ಅಡುಗೆಮನೆಗೆ ಬಂದು ಕೂತಿತು.

ತಪ್ಪು ಸೋಪು ಹೇಳಿದ ಸತ್ಯ

1998ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನ ವಿಶ್ವವಿದ್ಯಾಲಯವೊಂದರಲ್ಲಿ ಪೆಟ್ರೀಷಿಯಾ ಹಂಟ್ ಎಂಬ ವಿಜ್ಞಾನಿ ಇಲಿಗಳ ಅಂಡಾಣುಗಳನ್ನು ಅಧ್ಯಯನ ಮಾಡುತ್ತಿದ್ದರು. ಸಾಮಾನ್ಯವಾಗಿ ಶೇ 1–2ರಷ್ಟು ಅಂಡಾಣುಗಳಲ್ಲಿ ಮಾತ್ರ ಕಾಣುತ್ತಿದ್ದ ವರ್ಣತಂತು ದೋಷ, ಇದ್ದಕ್ಕಿದ್ದಂತೆ ಶೇ 40ಕ್ಕೆ ಏರಿತು. ಕಾರಣ ಹುಡುಕಿದರೆ ಸಿಕ್ಕಿದ್ದು ಸೋಪು! ನೆಲ ತೊಳೆಯುವ ದ್ರಾವಣದಲ್ಲಿ ಯಾರೋ ಇಲಿಗಳ ಪ್ಲಾಸ್ಟಿಕ್ ಪಂಜರ, ನೀರಿನ ಬಾಟಲಿ ತೊಳೆದಿದ್ದರು. ಪಾಲಿಕಾರ್ಬೊನೇಟ್ ಹಾಳಾಗಿ ಬಿಪಿಎ ಸೋರುತ್ತಿತ್ತು. ಹಲವು ಬಾರಿ ಪರೀಕ್ಷಿಸಿ ಖಚಿತಪಡಿಸಿಕೊಂಡು 2003ರಲ್ಲಿ ಅವರು ಇದನ್ನು ಪ್ರಕಟಿಸಿದರು.

ಮನುಷ್ಯರ ಮಾತೇನು? ಅಮೆರಿಕದಲ್ಲಿ 2003–04ರಲ್ಲಿ ಆರು ವರ್ಷ ಮೇಲ್ಪಟ್ಟ 2,517 ಜನರ ಮೂತ್ರ ಪರೀಕ್ಷಿಸಿದಾಗ ಶೇ 93 ಜನರಲ್ಲಿ ಬಿಪಿಎ ಇತ್ತು. 2009ರಲ್ಲಿ ಹಾರ್ವರ್ಡ್‌ನ 77 ವಿದ್ಯಾರ್ಥಿಗಳು ಒಂದು ವಾರ ಪಾಲಿಕಾರ್ಬೊನೇಟ್ ಬಾಟಲಿಯಲ್ಲಿ ತಂಪು ಪಾನೀಯ ಕುಡಿದಿದ್ದಕ್ಕೇ ಮೂತ್ರದಲ್ಲಿ ಬಿಪಿಎ ಶೇ 69ರಷ್ಟು ಹೆಚ್ಚಿತು. ಕುದಿಯುವ ನೀರು ಹಾಕಿದರೆ ಅದು ಹಲವು ಪಟ್ಟು ವೇಗವಾಗಿ ಬಿಡುಗಡೆಯಾಗುತ್ತದೆ ಎಂಬುದು ಇನ್ನೊಂದು ಅಧ್ಯಯನದಲ್ಲಿ ಕಂಡಿದೆ.

ಸಮಾಧಾನದ ಸಂಗತಿಯೂ ಇದೆ. ಬಿಪಿಎ ದೇಹದಲ್ಲಿ ಉಳಿಯುವುದಿಲ್ಲ. ಹೆಚ್ಚಿನಂಶ ಒಂದು ದಿನದೊಳಗೆ ಮೂತ್ರದಲ್ಲಿ ಹೊರಹೋಗುತ್ತದೆ. ತೊಂದರೆ ಏನೆಂದರೆ, ಹೋದಷ್ಟೇ ಬೇಗ ಮತ್ತೆ ಒಳಗೆ ಬರುತ್ತದೆ.

ಕೌಂಟರ್ ಹಿಂದೆ ಕೂತವರು

ಈಗ ಅಕ್ಕನ ಪ್ರಶ್ನೆಗೆ ಬರೋಣ. ಬಿಲ್ ಮುದ್ರಿಸುವ ಯಂತ್ರದಲ್ಲಿ ಶಾಯಿ ಇರುವುದಿಲ್ಲ. ಕಾಗದದ ಮೇಲೆಯೇ ಬಣ್ಣದ ವಸ್ತುವನ್ನೂ, ಅದನ್ನು ಕಪ್ಪಾಗಿಸುವ ರಾಸಾಯನಿಕವನ್ನೂ ಲೇಪಿಸಿರುತ್ತಾರೆ. ಯಂತ್ರದ ಶಾಖಕ್ಕೆ ಎರಡೂ ಕರಗಿ ಸೇರಿ ಅಕ್ಷರ ಮೂಡುತ್ತದೆ. ಕಪ್ಪಾಗಿಸುವ ಆ ಕೆಲಸಕ್ಕೆ ಬಹಳ ಕಾಲದಿಂದ ಬಳಸುತ್ತಾ ಬಂದದ್ದು ಬಿಪಿಎ. ಪ್ಲಾಸ್ಟಿಕ್‌ನಲ್ಲಿ ಅದು ಸರಪಳಿಯಾಗಿ ಬೆಸೆದುಕೊಂಡಿರುತ್ತದೆ. ಬಿಲ್ ಕಾಗದದಲ್ಲಿ ಬಿಡಿಯಾಗಿರುತ್ತದೆ. ಹಾಗಾಗಿ ಮುಟ್ಟಿದ ಕೈಗೆ ಸಲೀಸಾಗಿ ಅಂಟುತ್ತದೆ.

ಸಿನ್ಸಿನಾಟಿಯಲ್ಲಿ 389 ಗರ್ಭಿಣಿಯರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಉದ್ಯೋಗವಾರು ನೋಡಿದಾಗ ಅತಿ ಹೆಚ್ಚು ಬಿಪಿಎ ಕಂಡಿದ್ದು ಕ್ಯಾಷಿಯರ್‌ಗಳಲ್ಲಿ. ಕಾರ್ಖಾನೆಯಲ್ಲಿ ದುಡಿಯುವವರಿಗಿಂತ, ಶಿಕ್ಷಕಿಯರಿಗಿಂತ ಹೆಚ್ಚು. 2014ರ ಮತ್ತೊಂದು ಪ್ರಯೋಗದಲ್ಲಿ 24 ಜನ ಎರಡು ಗಂಟೆ ಬರಿಗೈಯಲ್ಲಿ ಬಿಲ್‌ಗಳನ್ನು ಹಿಡಿದರು. ಮೂತ್ರದಲ್ಲಿ ಬಿಪಿಎ ಏರಿತು. ಕೈಗವಸು ಹಾಕಿಕೊಂಡಾಗ ಗಮನಾರ್ಹ ಏರಿಕೆ ಇರಲಿಲ್ಲ. ಸ್ಯಾನಿಟೈಸರ್ ಹಚ್ಚಿದ ಹಸಿ ಕೈಯಲ್ಲಿ ಬಿಲ್ ಹಿಡಿದರೆ ಚರ್ಮ ಇನ್ನೂ ಹೆಚ್ಚು ಹೀರುತ್ತದೆ ಎಂಬುದೂ ಗೊತ್ತಾಗಿದೆ.

ಇದರಿಂದ ಕಾಯಿಲೆ ಬಂದೇ ಬರುತ್ತದೆಯೇ? ಹಾಗೆ ಹೇಳಲಾಗದು. ಪ್ರಾಣಿಗಳಲ್ಲಿ ಸಂತಾನೋತ್ಪತ್ತಿಯ ಮೇಲೆ ಪರಿಣಾಮ ಕಂಡಿದೆ. ಮನುಷ್ಯರಲ್ಲಿ ಮಧುಮೇಹ, ಹೃದ್ರೋಗದ ಜತೆ ನಂಟು ಕಂಡಿದೆ. ಆದರೆ ನಂಟೇ ಕಾರಣವಲ್ಲ. ಈಗಿನ ಪ್ರಮಾಣದಲ್ಲಿ ಆಹಾರದಲ್ಲಿ ಸೇರಿದರೆ ಅಪಾಯವಿಲ್ಲ ಎನ್ನುತ್ತದೆ ಅಮೆರಿಕದ ಎಫ್‌ಡಿಎ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವಾದರೋ 2023ರಲ್ಲಿ ಸುರಕ್ಷಿತ ಮಿತಿಯನ್ನು 20,000 ಪಟ್ಟು ಇಳಿಸಿತು: ಒಂದು ಕೆ.ಜಿ. ದೇಹತೂಕಕ್ಕೆ ದಿನಕ್ಕೆ 4 ಮೈಕ್ರೋಗ್ರಾಂ ಇದ್ದದ್ದು 0.2 ನ್ಯಾನೋಗ್ರಾಂ ಆಯಿತು. ಆಹಾರ ತಾಗುವ ಸಾಮಗ್ರಿಗಳಲ್ಲಿ ಬಿಪಿಎ ನಿಷೇಧಿಸುವ ಐರೋಪ್ಯ ಒಕ್ಕೂಟದ ನಿಯಮ 2025ರ ಜನವರಿಯಲ್ಲಿ ಜಾರಿಗೆ ಬಂತು. ಬಿಲ್ ಕಾಗದದ ಮೇಲೆ 2020ರಿಂದಲೇ ಅಲ್ಲಿ ನಿರ್ಬಂಧವಿದೆ. ನಮ್ಮಲ್ಲೂ ಮಕ್ಕಳ ಹಾಲಿನ ಬಾಟಲಿಯಲ್ಲಿ ಬಿಪಿಎ ಇರಬಾರದೆಂದು ಬಿಐಎಸ್ 2015ರ ಮಾನದಂಡದಲ್ಲಿ ಸೂಚಿಸಿದೆ.

‘ಬಿಪಿಎ ಫ್ರೀ’ ಎಂಬ ಲೇಬಲ್ ನೋಡಿ ಪೂರ್ತಿ ನಂಬುವಂತೆಯೂ ಇಲ್ಲ. ಎಷ್ಟೋ ಕಡೆ ಬಿಪಿಎ ತೆಗೆದು ಅದರ ದಾಯಾದಿ ಬಿಪಿಎಸ್ ಹಾಕಿದ್ದಾರೆ. 2018ರಲ್ಲಿ ಅದೇ ಹಂಟ್ ಅವರ ತಂಡಕ್ಕೆ ಹೊಸ ಪ್ಲಾಸ್ಟಿಕ್‌ನ ಪಂಜರಗಳಲ್ಲೂ ಹಳೆಯ ತೊಂದರೆಯೇ ಎದುರಾಯಿತು.

ಕೆರೆಗೂ ತಪ್ಪಿದ್ದಲ್ಲ

ಬಿಸಾಡಿದ ಪ್ಲಾಸ್ಟಿಕ್ ಕಸದ ಗುಡ್ಡೆಯಲ್ಲಿ ಮಳೆಗೆ ನೆನೆದು ಬಿಪಿಎ ನೀರಿಗಿಳಿಯುತ್ತದೆ. ಗಾಳಿಯಾಡುವ ನೀರಿನಲ್ಲಿ ಕೆಲವು ದಿನಗಳಲ್ಲೇ ಅದು ಒಡೆದುಹೋಗುತ್ತದೆ ನಿಜ. ಆದರೆ ಚರಂಡಿ ನೀರಿನ ಜತೆ ದಿನವೂ ಹರಿದು ಬರುವುದರಿಂದ ಖಾಲಿಯಾಗುವುದೇ ಇಲ್ಲ. ಪ್ರಯೋಗಗಳಲ್ಲಿ ಬಿಪಿಎ ತಾಗಿದ ಗಂಡು ಮೀನುಗಳ ದೇಹ, ಹೆಣ್ಣು ಮೀನು ಮೊಟ್ಟೆಗೆಂದು ತಯಾರಿಸುವ ಪ್ರೋಟೀನನ್ನು ತಯಾರಿಸತೊಡಗಿದ್ದು ಕಂಡಿದೆ. ಬಿಲ್‌ಗಳನ್ನು ರದ್ದಿ ಪೇಪರ್ ಜತೆ ಹಾಕಿದರೆ ಮರುಬಳಕೆಯ ಕಾಗದಕ್ಕೂ ಅದು ಸೇರುತ್ತದೆ.

ನಾವೇನು ಮಾಡಬಹುದು?

ಬಿಲ್ ಕಾಗದವನ್ನು ಉಗುರಿನಿಂದ ಗೀರಿ. ಕಪ್ಪು ಗೆರೆ ಬಿದ್ದರೆ ಅದು ಥರ್ಮಲ್ ಪೇಪರ್. ಅದರಲ್ಲಿ ತಿಂಡಿ ಕಟ್ಟಬೇಡಿ, ಮಕ್ಕಳ ಕೈಗೆ ಕೊಡಬೇಡಿ, ರದ್ದಿಗೆ ಹಾಕಬೇಡಿ. ಬಾಟಲಿಯ ತಳದ ತ್ರಿಕೋನದಲ್ಲಿರುವ ಅಂಕಿ ನೋಡಿ. 7 ಎಂದಿದ್ದರೆ ಪಾಲಿಕಾರ್ಬೊನೇಟ್ ಇರಬಹುದು. ಬಿಸಿ ಪದಾರ್ಥ ಬೇಡ. 1 ಎಂದಿರುವ ಪೆಟ್ ಬಾಟಲಿ, 5 ಎಂದಿರುವ ಟಿಫಿನ್ ಬಾಕ್ಸ್ ತಯಾರಿಕೆಗೆ ಬಿಪಿಎ ಬೇಕಿಲ್ಲ. ಪಿ.ಜಿ.ಯಲ್ಲಿದ್ದರೆ ನೀರಿನ ಕ್ಯಾನ್ ಬಿಸಿಲಲ್ಲಿಡಬೇಡಿ, ಗೀರು ಬಿದ್ದ ಹಳೆಯ ಕ್ಯಾನ್ ಬದಲಿಸಲು ಹೇಳಿ. ಒಂದು ಸ್ಟೀಲ್ ಬಾಟಲಿ ಕೊಂಡರೆ ಡಿಗ್ರಿ ಮುಗಿಯುವವರೆಗೂ ಬರುತ್ತದೆ.

ಅಕ್ಕನಿಗೆ ಹೇಳಿದ್ದು ಇಷ್ಟೇ: ‘ಹೆದರಬೇಡ. ಕೈಗವಸು ಹಾಕ್ಕೊ. ಊಟಕ್ಕೆ ಮೊದಲು ಸೋಪಿನಲ್ಲಿ ಕೈ ತೊಳಿ. ಸ್ಯಾನಿಟೈಸರ್ ಹಚ್ಚಿದ ಕೂಡಲೇ ಬಿಲ್ ಮುಟ್ಟಬೇಡ. ಮುಂದಿನ ಸಲ ಡಾಕ್ಟರ್ ಹತ್ರ ಹೋದಾಗ ಕೆಲಸದ ವಿಷಯಾನೂ ಹೇಳು.’ ಕೈಗವಸು ಕೇಳಲು ಅವಳಿಗೆ ಮುಜುಗರ. ‘ದೊಡ್ಡ ಆಫೀಸರ್ ಆದ್ಯಾ ಅಂತಾರೆ’ ಅಂದಳು. ಎರಡು ದಿನ ಬಿಟ್ಟು ಕೇಳಿದಳು. ಸೂಪರ್‌ವೈಸರ್ ನಕ್ಕರಂತೆ, ಆದರೆ ಬೇಡ ಅನ್ನಲಿಲ್ಲ. ಈಗ ಪಕ್ಕದ ಕೌಂಟರಿನ ಇಬ್ಬರೂ ಕೈಗವಸು ಹಾಕುತ್ತಿದ್ದಾರೆ.

ನಮ್ಮಲ್ಲಿ ಎಷ್ಟೋ ಜನರ ಮೊದಲ ಕೆಲಸ ಇಂಥದ್ದೇ ಕೌಂಟರ್‌ನಲ್ಲಿ ಶುರುವಾಗುತ್ತದೆ. ಸಂಬಳ ಎಷ್ಟು, ರಜೆ ಎಷ್ಟು ಎಂದು ಕೇಳುವಾಗ ಕೈಗವಸಿನ ಬಗ್ಗೆಯೂ ಒಂದು ಮಾತು ಕೇಳಿ. ಕೌಂಟರಿನ ಈ ಕಡೆ ನಿಂತಾಗ, ‘ಬಿಲ್ ಮೊಬೈಲಿಗೆ ಕಳಿಸಿ ಸಾಕು’ ಎನ್ನಿ. ಆ ಕಡೆ ಕೂತವರು ಮುಟ್ಟುವ ಮುನ್ನೂರರಲ್ಲಿ ಒಂದಾದರೂ ಕಡಿಮೆಯಾಗುತ್ತದೆ.