ಸಾಮಾಜಿಕ ಜಾಲತಾಣಗಳೂ ಕ್ರೈಸ್ತ ಹದಿಹರೆಯದವರ ನಿರ್ಧಾರಗಳೂ

ಬಾಂದ್ರಾ, ಕುರ್ಲಾ, ಮರೋಳ್, ಮಲಾಡಿನ ಓರ್ಲೆಮ್, ಬೊರಿವಲಿಯ ಐ.ಸಿ. ಕಾಲೊನಿ, ಅಲ್ಲಿಂದಾಚೆ ಮೀರಾರೋಡ್, ವಸಾಯಿಯವರೆಗೆ ಕರಾವಳಿ ಕರ್ನಾಟಕದಿಂದ ಬಂದು ನೆಲೆಸಿದ ಕ್ರೈಸ್ತ ಕುಟುಂಬಗಳು ಹರಡಿಕೊಂಡಿವೆ. ಮನೆಯೊಳಗೆ ಕೊಂಕಣಿ, ಹಿರಿಯರಿಗೆ ಶಾಲೆಯಲ್ಲಿ ಕಲಿತ ಕನ್ನಡ, ಮಕ್ಕಳಿಗೆ ಇಂಗ್ಲಿಷ್ ಮತ್ತು ಬೀದಿಯ ಹಿಂದಿ ಎಂಬಂತೆ ಭಾಷೆಗಳು ಹಂಚಿಹೋಗಿವೆ. ಕನ್ನಡವನ್ನೇ ಮನೆಮಾತಾಗಿ ಉಳಿಸಿಕೊಂಡ ಪ್ರಾಟೆಸ್ಟೆಂಟ್ ಕುಟುಂಬಗಳೂ ಇಲ್ಲದಿಲ್ಲ. ಒಂದು ತಲೆಮಾರಿನ ಹಿಂದೆ ಈ ಮನೆಗಳ ಹದಿನೈದರ ಹರೆಯದವರು ಕೈಗೊಳ್ಳುತ್ತಿದ್ದ ನಿರ್ಧಾರಗಳಿಗೆ ಸಾಕ್ಷಿಗಳಿರುತ್ತಿದ್ದರು. ಹತ್ತನೆಯ ತರಗತಿಯ ಅನಂತರ ವಿಜ್ಞಾನವೋ ವಾಣಿಜ್ಯವೋ, ಗೆಳೆತನ ಯಾರೊಡನೆ, ಭಾನುವಾರ ಬೆಳಿಗ್ಗೆ ಪೂಜೆಗೋ ಕ್ರಿಕೆಟ್ ಮೈದಾನಕ್ಕೋ ಎಂಬುದೆಲ್ಲ ಊಟದ ಹೊತ್ತಿನಲ್ಲಿ, ಇಗರ್ಜಿಯ ಅಂಗಳದಲ್ಲಿ, ಊರಿನಿಂದ ಬಂದ ಸೋದರಮಾವನ ಎದುರಿನಲ್ಲಿ ಮಾತಿಗೆ ಬರುತ್ತಿತ್ತು. ಸಲಹೆ ಕೊಡುವವರ ಮುಖ ಪರಿಚಿತವಾಗಿತ್ತು. ಅವರ ಸ್ವಾರ್ಥವೂ ಅಷ್ಟೇ ಪರಿಚಿತವಾಗಿತ್ತು. ಇಂದಿನ ಹದಿಹರೆಯದವರ ಸಲಹೆಗಾರನಿಗೆ ಮುಖವೇ ಇಲ್ಲ.

ಸುದ್ದಿ ಮಾಧ್ಯಮಗಳು ಈ ಸಮಾಜಕ್ಕೆ ಹೊಸವೇನಲ್ಲ. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರತಂದವರು ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್. ಮುಂಬಯಿಯ ಕಥೋಲಿಕರ ‘ದಿ ಎಗ್ಸಾಮಿನರ್’ ಆರಂಭವಾದುದು 1850ರಲ್ಲಿ. ಕನ್ನಡ ಲಿಪಿಯ ಕೊಂಕಣಿ ವಾರಪತ್ರಿಕೆ ‘ರಾಕ್ಣೊ’ ಮಂಗಳೂರು ಧರ್ಮಪ್ರಾಂತ್ಯದಿಂದ 1938ರಲ್ಲಿ ಬೆಳಕು ಕಂಡಿತು. ಈ ಪತ್ರಿಕೆಗಳಲ್ಲಿ ಅಚ್ಚಾದ ಪುಟವನ್ನು ತಂದೆಯೂ ಓದುತ್ತಿದ್ದನು, ಮಗನೂ ಓದುತ್ತಿದ್ದನು. ಮಗನು ಏನನ್ನು ಓದಿ ಹಾಗೆ ಯೋಚಿಸುತ್ತಿದ್ದಾನೆಂಬುದು ತಂದೆಗೆ ತಿಳಿಯದೆ ಇರುತ್ತಿರಲಿಲ್ಲ. ಇನ್‌ಸ್ಟಾಗ್ರಾಮ್, ಯೂಟ್ಯೂಬ್ ಮೊದಲಾದ ತಾಣಗಳಲ್ಲಿ ಇಬ್ಬರು ಒಂದೇ ಪುಟವನ್ನು ಕಾಣುವುದೆಂಬುದೇ ಇಲ್ಲ. ಒಂದೇ ಬೆಂಚಿನಲ್ಲಿ ಮೊಣಕಾಲೂರಿ ಎದ್ದ ಅಣ್ಣತಮ್ಮಂದಿರ ಪೈಕಿ ಒಬ್ಬನ ಪರದೆಯಲ್ಲಿ ಗಾನವೃಂದದ ಕೀರ್ತನೆ ಬಂದರೆ ಇನ್ನೊಬ್ಬನ ಪರದೆಯಲ್ಲಿ ಲೋಕಾಂತ್ಯದ ದಿನಾಂಕವನ್ನು ಸಾರುವ ಅಜ್ಞಾತ ಬೋಧಕನು ಬರುತ್ತಾನೆ.

ಇದರ ಹಿಂದಿನ ಯಾಂತ್ರಿಕ ವ್ಯವಸ್ಥೆ ಅಷ್ಟೇನೂ ನಿಗೂಢವಲ್ಲ. ಯಾವ ದೃಶ್ಯದ ಮೇಲೆ ಕಣ್ಣು ಎಷ್ಟು ಕ್ಷಣ ನಿಂತಿತು, ಯಾವುದನ್ನು ಮತ್ತೆ ನೋಡಲಾಯಿತು, ಯಾವುದನ್ನು ಬೇರೆಯವರಿಗೆ ಕಳುಹಿಸಲಾಯಿತು ಎಂಬುದೆಲ್ಲ ಲೆಕ್ಕಕ್ಕೆ ಸೇರುತ್ತದೆ. ಆ ಲೆಕ್ಕದ ಪ್ರಕಾರ ಮುಂದಿನ ದೃಶ್ಯ ಬರುತ್ತದೆ. ಬ್ಯಾಂಕಿನ ಲೆಡ್ಜರಿನಂತೆ ಪ್ರತಿಯೊಂದು ವ್ಯವಹಾರವೂ ಇಲ್ಲಿ ದಾಖಲಾಗುತ್ತದೆ, ಆದರೆ ಖಾತೆದಾರನಿಗೆ ಪಾಸ್‌ಬುಕ್ ಮಾತ್ರ ದೊರೆಯುವುದಿಲ್ಲ. ತಾಣವು ಯಾರಿಗೂ ‘ಹೀಗೆ ಮಾಡು’ ಎಂದು ಆಜ್ಞಾಪಿಸುವುದಿಲ್ಲ. ಯಾವುದನ್ನು ಮೊದಲು ತೋರಿಸಬೇಕು, ಯಾವುದನ್ನು ತೋರಿಸಲೇಬಾರದು ಎಂಬುದನ್ನಷ್ಟೇ ಅದು ನಿಶ್ಚಯಿಸುತ್ತದೆ. ಉಳಿದುದನ್ನು ಹದಿಹರೆಯವೇ ಮಾಡುತ್ತದೆ.

ಹದಿಹರೆಯದ ಮಿದುಳಿನಲ್ಲಿ ಮೆಚ್ಚುಗೆಗೆ ಹಿಗ್ಗುವ ಭಾಗಗಳು ಬೇಗನೆ ಚುರುಕಾಗುತ್ತವೆ. ಹಿಂದುಮುಂದು ನೋಡಿ ತಡೆಯುವ ಹಣೆಯ ಹಿಂದಿನ ಭಾಗವಾದರೋ ಪಕ್ವವಾಗುವುದು ಇಪ್ಪತ್ತರ ನಡುವಯಸ್ಸಿಗೆ. ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದನ್ನು ಸ್ವಾರಸ್ಯವಾಗಿ ತೋರಿಸಿಕೊಟ್ಟಿತು. 13ರಿಂದ 18 ವಯಸ್ಸಿನ 32 ಮಂದಿಗೆ, ಅವರ ಮಿದುಳಿನ ಚಟುವಟಿಕೆಯನ್ನು ಯಂತ್ರದಲ್ಲಿ ಗಮನಿಸುತ್ತ, ಛಾಯಾಚಿತ್ರಗಳನ್ನು ತೋರಿಸಲಾಯಿತು. ಪ್ರತಿಯೊಂದು ಚಿತ್ರದಡಿ ಇಷ್ಟು ‘ಲೈಕ್’ ಎಂದು ಬರೆದಿತ್ತು. ಆ ಸಂಖ್ಯೆಗಳನ್ನು ಇಟ್ಟವರು ಸಂಶೋಧಕರೇ. ಅದೇ ಚಿತ್ರಕ್ಕೆ ಅರ್ಧ ಮಂದಿಗೆ ಹೆಚ್ಚು ಲೈಕ್, ಉಳಿದವರಿಗೆ ಕಡಿಮೆ ಲೈಕ್ ಕಾಣಿಸಿದಾಗ, ಹೆಚ್ಚು ಕಂಡವರು ಆ ಚಿತ್ರವನ್ನು ಹೆಚ್ಚಾಗಿ ಮೆಚ್ಚಿದರು. ಧೂಮಪಾನ, ಮದ್ಯಪಾನಗಳ ಚಿತ್ರಗಳನ್ನು ನೋಡುವಾಗ ಸಂಯಮಕ್ಕೆ ಸಂಬಂಧಿಸಿದ ಮಿದುಳಿನ ಭಾಗಗಳ ಚಟುವಟಿಕೆ ತಗ್ಗಿದುದೂ ಕಂಡುಬಂತು. ಆ ಮಕ್ಕಳೆಲ್ಲ ಸ್ವಂತ ಅಭಿರುಚಿಯಿಂದಲೇ ಆರಿಸುತ್ತಿದ್ದೇವೆಂದು ಭಾವಿಸಿರಬೇಕು.

ಮುಂಬಯಿಯ ಯಾವುದೇ ಉಪನಗರದ ಹುಡುಗಿಯೊಬ್ಬಳನ್ನು ಕಲ್ಪಿಸಿಕೊಳ್ಳಬಹುದು. ಅವಳಿಗೆ ದೃಢೀಕರಣ ಸಂಸ್ಕಾರದ ದಿನ ಹತ್ತಿರವಾಗಿದೆ. ಯಾವ ಉಡುಪು, ಯಾವ ಕೋನದಿಂದ ಚಿತ್ರ, ಯಾರ ಚಿತ್ರಕ್ಕೆ ಎಷ್ಟು ಲೈಕ್ ಎಂಬ ಚಿಂತೆಯಲ್ಲಿ ಸಂಸ್ಕಾರವು ಹಿಂದೆ ಸರಿಯುತ್ತದೆ. ಇದು ಹುಡುಗಿಯ ದೋಷವೆನ್ನುವಂತಿಲ್ಲ. ಮದುವೆಯ ರೋಸ್ ಸಮಾರಂಭದಲ್ಲಿ ತೆಂಗಿನಹಾಲು ಹಚ್ಚುವ ಕೈಗಿಂತ ಫೋನ್ ಹಿಡಿದ ಕೈಗಳೇ ಹೆಚ್ಚಾಗಿರುವಾಗ ಅವಳು ಕಲಿತದ್ದು ಹಿರಿಯರಿಂದಲೇ. ಆದರೆ ಅದೇ ಹುಡುಗಿ ಮೈ ತೆಳ್ಳಗಾಗಲೆಂದು ರಾತ್ರಿಯೂಟ ಬಿಡಲು ತೊಡಗಿದರೆ, ಕಾಯಿಲೆಗೆ ಔಷಧ ಬೇಡ, ವಿಶ್ವಾಸವೊಂದೇ ಸಾಕೆಂಬ ಮೂವತ್ತು ಸೆಕೆಂಡಿನ ಬೋಧನೆಯನ್ನು ನಂಬಿ ಮಾತ್ರೆಗಳನ್ನು ಅಡಗಿಸಿಟ್ಟರೆ, ವಿಷಯ ವೈದ್ಯರ ಮಟ್ಟಕ್ಕೆ ಹೋಗುತ್ತದೆ.

ಅಲ್ಪಸಂಖ್ಯಾತ ಸಮಾಜದ ಮಕ್ಕಳಿಗೆ ಇನ್ನೊಂದು ಒತ್ತಡವೂ ಉಂಟು. ತಮ್ಮ ನಂಬಿಕೆಯನ್ನು ಹೀಯಾಳಿಸುವ ಮಾತು ಕಣ್ಣಿಗೆ ಬಿದ್ದಾಗ ಕೊರಳಿನ ಶಿಲುಬೆಯನ್ನು ಅಂಗಿಯೊಳಗೆ ಸೇರಿಸುವುದೋ, ಕುದಿದು ಉತ್ತರ ಬರೆಯುವುದೋ ಎಂಬುದನ್ನು ಹದಿನಾರರ ಹುಡುಗನು ಒಂದು ನಿಮಿಷದಲ್ಲಿ ನಿಶ್ಚಯಿಸುತ್ತಾನೆ. ಮಾತು ಯಾವ ಧರ್ಮದ್ದೇ ಇರಲಿ, ಬೆರಳಿನ ಒತ್ತು ಸಹಿಯಿದ್ದಂತೆ ಎಂಬುದನ್ನು ಮುಂಬಯಿಯವರು 2012ರ ನವೆಂಬರಿನಲ್ಲೇ ಕಂಡಿದ್ದಾರೆ. ನಗರದ ಬಂದ್ ಕುರಿತು ಪಾಲ್ಘರಿನ ಯುವತಿಯೊಬ್ಬಳು ಫೇಸ್‌ಬುಕ್ಕಿನಲ್ಲಿ ಬರೆದಳು, ಅವಳ ಗೆಳತಿ ಅದಕ್ಕೆ ಲೈಕ್ ಒತ್ತಿದಳು. ಇಬ್ಬರ ಬಂಧನವೂ ಆಯಿತು. ಆ ಬಂಧನಕ್ಕೆ ಆಧಾರವಾಗಿದ್ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ವಿಧಿಯನ್ನು ಸುಪ್ರೀಂ ಕೋರ್ಟು 2015ರ ಮಾರ್ಚ್ 24ರಂದು ರದ್ದುಪಡಿಸಿತೆಂಬುದು ನಿಜ. ಆದರೆ ಆ ತೀರ್ಪು ಬರಲು ಎರಡು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಆರೋಗ್ಯದ ದೃಷ್ಟಿಯಿಂದ ಈ ವಿಷಯದಲ್ಲಿ ಲೋಕದ ಗಮನ ಸೆಳೆದವರಲ್ಲಿ ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ಡಾ. ವಿವೇಕ್ ಮೂರ್ತಿ ಮುಖ್ಯರು. ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ, 2023ರ ಮೇ ತಿಂಗಳಿನಲ್ಲಿ, ಅವರು ಹೊರಡಿಸಿದ ಸಲಹಾಪತ್ರವು ದಿನಕ್ಕೆ ಮೂರು ತಾಸಿಗಿಂತ ಹೆಚ್ಚು ಹೊತ್ತು ಈ ತಾಣಗಳಲ್ಲಿ ಕಳೆಯುವ ಹದಿಹರೆಯದವರಲ್ಲಿ ಖಿನ್ನತೆ, ಆತಂಕಗಳ ಅಪಾಯ ಇಮ್ಮಡಿಯೆಂದು ಎಚ್ಚರಿಸಿತು. ತಾಣಗಳಿಂದ ಒಂಟಿ ಮಕ್ಕಳಿಗೆ ಗೆಳೆತನ ದೊರೆಯುವುದನ್ನೂ ಅದು ಒಪ್ಪಿಕೊಂಡಿತು. 13ರಿಂದ 18ರ ವಯಸ್ಸಿನವರಿಗೆ ಬೇಕಾದ ನಿದ್ರೆ ಎಂಟರಿಂದ ಹತ್ತು ತಾಸು. ಬೆಳಗಿನ ವಿರಾರ್ ಲೋಕಲ್ ಹಿಡಿದು ಕಾಲೇಜಿಗೆ ಹೋಗುವ ಹುಡುಗನು ರಾತ್ರಿ ಒಂದು ಗಂಟೆಯವರೆಗೆ ರೀಲ್ಸ್ ನೋಡಿದರೆ ಲೆಕ್ಕ ತಾಳೆಯಾಗುವುದಿಲ್ಲ. ನಿದ್ರೆಗೆಟ್ಟ ತಲೆ ಒಳ್ಳೆಯ ನಿರ್ಧಾರ ಮಾಡದು.

ಎಲ್ಲಕ್ಕಿಂತ ಅಪಾಯಕರವಾದ ನಿರ್ಧಾರವೆಂದರೆ ಮುಚ್ಚಿಡುವ ನಿರ್ಧಾರ. ಗುರುತಿಲ್ಲದ ಗೆಳೆಯನಿಗೆ ಕಳುಹಿಸಿದ ಖಾಸಗಿ ಚಿತ್ರವನ್ನು ಮುಂದಿಟ್ಟುಕೊಂಡು ಆತನು ಹಣಕ್ಕಾಗಿ ಬೆದರಿಸಿದಾಗ, ‘ಮನೆಯವರಿಗೆ ಗೊತ್ತಾದರೆ, ಇಗರ್ಜಿಯಲ್ಲಿ ಸುದ್ದಿಯಾದರೆ’ ಎಂಬ ಭಯವೇ ಬೆದರಿಸುವವನ ಬಂಡವಾಳವಾಗುತ್ತದೆ. ಪಾಪಪ್ರಜ್ಞೆಯನ್ನು ಚಿಕ್ಕಂದಿನಿಂದ ಕಲಿತ ಮನೆಗಳಲ್ಲಿ ಈ ಭಯ ತುಸು ಹೆಚ್ಚೇ ಇರುವುದು ಸಹಜ. ತಪ್ಪು ಹೇಳಿಕೊಂಡ ಮಗುವಿಗೆ ಮೊದಲು ಏಟು ಬೀಳುವುದೋ, ಒಂದು ಲೋಟ ನೀರು ಸಿಗುವುದೋ ಎಂಬುದರ ಮೇಲೆ ಅನೇಕ ವೇಳೆ ಆ ಮಗುವಿನ ಪ್ರಾಣವೇ ನಿಂತಿರುತ್ತದೆ. ಇಂಥ ವಂಚನೆಗಳನ್ನು 1930 ಸಂಖ್ಯೆಗೆ ತಿಳಿಸಬಹುದು. ಹಣ ಕೊಟ್ಟರೆ ಬೆದರಿಕೆ ನಿಲ್ಲುವುದೆಂಬ ನಂಬಿಕೆ ಮಾತ್ರ ಸುಳ್ಳು.

ಧರ್ಮಸಭೆಯು ಈ ಮಾಧ್ಯಮವನ್ನು ಸಾರಾಸಗಟಾಗಿ ತಿರಸ್ಕರಿಸಿಲ್ಲ. ಪೋಪ್ ಫ್ರಾನ್ಸಿಸ್ ಅವರು ಯುವಜನರಿಗಾಗಿ 2019ರಲ್ಲಿ ಬರೆದ ‘ಕ್ರಿಸ್ತುಸ್ ವಿವಿತ್’ ಎಂಬ ಪತ್ರವು ಈ ಜಾಲದ ಉಪಯೋಗವನ್ನೂ ಕುಟಿಲತೆಯನ್ನೂ ಒಟ್ಟಿಗೆ ವಿವೇಚಿಸಿ, ಇಟಲಿಯ ಕಾರ್ಲೊ ಅಕುಟಿಸ್ ಎಂಬ ಬಾಲಕನನ್ನು ಉದಾಹರಿಸಿತು. ಗಣಕಯಂತ್ರದಲ್ಲಿ ನಿಪುಣನಾಗಿದ್ದ ಆತನು ಪರಮಪ್ರಸಾದದ ಅದ್ಭುತಗಳ ಜಾಲಸಂಗ್ರಹವೊಂದನ್ನು ರಚಿಸಿ, ರಕ್ತದ ಅರ್ಬುದದಿಂದ 2006ರಲ್ಲಿ 15ನೆಯ ವಯಸ್ಸಿಗೇ ತೀರಿಕೊಂಡನು. 2025ರ ಸೆಪ್ಟೆಂಬರ್ 7ರಂದು ಪೋಪ್ ಲಿಯೋ ಅವರು ಆತನನ್ನು ಸಂತನೆಂದು ಸಾರಿದರು. ವಿಡಿಯೋ ಆಟಗಳನ್ನು ಇಷ್ಟಪಡುತ್ತಿದ್ದ ಈ ಸಂತನು ಆಟದ ಹೊತ್ತಿಗೆ ತಾನೇ ಮಿತಿ ಹಾಕಿಕೊಂಡಿದ್ದನು. ಮಿತಿಯನ್ನು ತಾನೇ ಹಾಕಿಕೊಂಡನೆಂಬುದೇ ಇಲ್ಲಿ ಗಮನಾರ್ಹ.

ಹೊರಗಿನ ನಿಷೇಧದ ಫಲ ಸೀಮಿತವೆಂಬುದಕ್ಕೆ ದೃಷ್ಟಾಂತ ಬೇಕಿದ್ದರೆ 2020ರ ಜೂನಿನಲ್ಲಿ ಭಾರತ ಸರಕಾರ ಟಿಕ್‌ಟಾಕನ್ನು ನಿಷೇಧಿಸಿದುದನ್ನು ನೆನೆಯಬಹುದು. ಮರುತಿಂಗಳೇ ಇನ್‌ಸ್ಟಾಗ್ರಾಮಿನ ರೀಲ್ಸ್ ಇಲ್ಲಿ ಬಾಗಿಲು ತೆರೆಯಿತು. 16ರ ಒಳಗಿನವರಿಗೆ ಖಾತೆಯೇ ಬೇಡವೆಂಬ ಆಸ್ಟ್ರೇಲಿಯಾದ ಕಾನೂನು 2025ರ ಡಿಸೆಂಬರ್ 10ರಂದು ಜಾರಿಗೆ ಬಂದಿದೆ. ಅದರ ಫಲವನ್ನು ಕಾಲವೇ ಹೇಳಬೇಕು.

ಮನೆಯಲ್ಲಿ ಸಾಧ್ಯವಾಗುವ ಕೆಲಸಗಳು ಸಣ್ಣವು. ರಾತ್ರಿ ಎಲ್ಲರ ಫೋನುಗಳೂ, ತಂದೆಯ ವಾಟ್ಸಾಪ್ ಸಹಿತವಾಗಿ, ಮಲಗುವ ಕೋಣೆಯ ಹೊರಗಿರುವುದು ಒಂದು. ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಹೊಸ ತೆನೆಯ ಊಟ ಮುಗಿಯುವವರೆಗೆ ಫೋನುಗಳನ್ನು ಒಂದು ಬುಟ್ಟಿಯಲ್ಲಿಡುವುದು ಇನ್ನೊಂದು. ಮಗನಿಗೆ ಏನು ಬರುತ್ತಿದೆಯೆಂದು ವಾರಕ್ಕೊಮ್ಮೆ ಅವನ ಪಕ್ಕದಲ್ಲೇ ಕುಳಿತು, ಗದರದೆ, ಅವನ ಪರದೆಯನ್ನು ಅವನೇ ತೋರಿಸುವಂತೆ ನೋಡುವುದು ಮತ್ತೂ ಒಂದು. ಕೈಮೀರಿದ ಪ್ರಕರಣಗಳಿಗೆಂದೇ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2014ರಲ್ಲಿ ‘ಶಟ್’ ಎಂಬ ಚಿಕಿತ್ಸಾಲಯವನ್ನು ಆರಂಭಿಸಿತು. ಅಷ್ಟು ದೂರ ಹೋಗಲಾಗದವರು 14416 ಸಂಖ್ಯೆಯ ‘ಟೆಲಿ ಮಾನಸ್’ಗೆ ಹಗಲಿರುಳೆನ್ನದೆ ಉಚಿತವಾಗಿ ಕರೆಮಾಡಬಹುದು, ಅಲ್ಲಿ ಮರಾಠಿ, ಹಿಂದಿಗಳಲ್ಲಿ ಮಾತ್ರವಲ್ಲದೆ ಕನ್ನಡದಲ್ಲಿಯೂ ಉತ್ತರ ದೊರೆಯುತ್ತದೆ.