ಬೆಕ್ಕನ್ನು ಪಶು ಆಸ್ಪತ್ರೆಗೆ ಕರೆತರುವ ಮುನ್ನ ನೀಡುವ ಭಯ ಶಮನಕಾರಿ ಔಷಧಿ: ಸಾಕುವವರಿಗೆ ಮಾಹಿತಿ

ರೇಬೀಸ್ ಲಸಿಕೆ, ಸಂತಾನಹರಣ ಶಸ್ತ್ರಚಿಕಿತ್ಸೆ, ಆರೋಗ್ಯ ಪ್ರಮಾಣಪತ್ರ ಮುಂತಾದ ಸೇವೆಗಳಿಗಾಗಿ ಪಶು ಆಸ್ಪತ್ರೆಗೆ ಬರುವ ಸಾಕುಪ್ರಾಣಿಗಳಲ್ಲಿ ನಾಯಿಗಳಿಗೆ ಹೋಲಿಸಿದಲ್ಲಿ ಬೆಕ್ಕುಗಳು ಕಡಿಮೆ. ಬೆಕ್ಕುಗಳಿಗೆ ಕಾಯಿಲೆ ಕಡಿಮೆ ಎಂಬುದು ಇದಕ್ಕೆ ಕಾರಣವಲ್ಲ. ಬೆಕ್ಕನ್ನು ಹಿಡಿಯುವುದು, ಬುಟ್ಟಿಗೆ ಹಾಕುವುದು, ವಾಹನದಲ್ಲಿ ತರುವುದು ಸಾಕುವವರಿಗೂ ಬೆಕ್ಕಿಗೂ ಕಷ್ಟದ ಕೆಲಸವಾಗಿರುತ್ತದೆ. ಒಮ್ಮೆ ಗೋಣಿಚೀಲದಲ್ಲಿ ಕಟ್ಟಿ ತರಲಾದ ಬೆಕ್ಕು ಆ ದಿನವನ್ನು ಮರೆಯುವುದಿಲ್ಲ. ಎರಡನೆಯ ಬಾರಿ ಚೀಲ ಕಂಡೊಡನೆ ಅಟ್ಟ ಸೇರುತ್ತದೆ. ಇದರಿಂದ ಲಸಿಕೆ ತಪ್ಪುತ್ತದೆ, ಕಾಯಿಲೆ ತಡವಾಗಿ ತಿಳಿಯುತ್ತದೆ.

ಇಂತಹ ಬೆಕ್ಕುಗಳಿಗೆ ಮನೆಯಿಂದ ಹೊರಡುವ ಮುನ್ನವೇ ಬಾಯಿಯ ಮೂಲಕ ಒಂದು ಮಾತ್ರೆಯನ್ನೋ ಕ್ಯಾಪ್ಸೂಲನ್ನೋ ನೀಡಿ ಭಯವನ್ನು ತಗ್ಗಿಸುವ ಕ್ರಮವು ಈಗ ಪಶುವೈದ್ಯಕೀಯದಲ್ಲಿ ರೂಢಿಗೆ ಬಂದಿದೆ. ಇದು ಅರಿವಳಿಕೆಯಲ್ಲ. ಬೆಕ್ಕು ಎಚ್ಚರವಾಗಿಯೇ ಇರುತ್ತದೆ, ಆದರೆ ಹೆದರಿಕೆ ಕಡಿಮೆಯಾಗಿ ಪರೀಕ್ಷೆಗೆ ಸಹಕರಿಸುತ್ತದೆ. ಈ ಔಷಧಿಯನ್ನು ಪಡೆಯುವ ಮತ್ತು ನೀಡುವ ವಿಧಾನವನ್ನೂ, ಮನೆಯಲ್ಲಿರುವ ಯಾವ ಮಾತ್ರೆಗಳನ್ನು ಎಂದಿಗೂ ನೀಡಬಾರದು ಎಂಬುದನ್ನೂ ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

ಭಯದಿಂದ ಪರೀಕ್ಷೆಗೆ ಆಗುವ ತೊಂದರೆ

ಬೆಕ್ಕು ತನ್ನ ವಾಸಸ್ಥಳಕ್ಕೆ ಬಲವಾಗಿ ಅಂಟಿಕೊಂಡ ಪ್ರಾಣಿ. ಪರಿಚಿತ ವಾಸನೆಯಿಂದ ದೂರವಾಗಿ, ನಾಯಿಗಳು ಬೊಗಳುತ್ತಿರುವ ಸ್ಥಳದಲ್ಲಿ, ಅಪರಿಚಿತರ ಕೈಯಲ್ಲಿ ಸಿಕ್ಕಿದಾಗ ಅದರ ದೇಹದಲ್ಲಿ ಆಗುವ ಬದಲಾವಣೆಗಳು ಕೇವಲ ಸ್ವಭಾವಕ್ಕೆ ಸಂಬಂಧಿಸಿದವಲ್ಲ. ಹೃದಯ ಬಡಿತ ಮತ್ತು ರಕ್ತದೊತ್ತಡ ಏರುತ್ತವೆ, ಉಸಿರಾಟ ವೇಗವಾಗುತ್ತದೆ. ರಕ್ತದಲ್ಲಿ ಸಕ್ಕರೆ ಅಂಶವು ಸಕ್ಕರೆ ಕಾಯಿಲೆ ಇರಬಹುದೆಂಬ ಸಂಶಯ ಬರುವಷ್ಟು ಹೆಚ್ಚಬಹುದು. ಹೊಟ್ಟೆಯನ್ನು ಬಿಗಿಹಿಡಿದ ಬೆಕ್ಕಿನ ಹೊಟ್ಟೆ ಮುಟ್ಟಿ ಪರೀಕ್ಷಿಸಲು ವೈದ್ಯರಿಗೆ ಸಾಧ್ಯವಾಗುವುದಿಲ್ಲ. ನೋವು ಎಲ್ಲಿದೆ ಎಂಬುದು ಭಯದ ಅಡಿಯಲ್ಲಿ ಮುಚ್ಚಿಹೋಗುತ್ತದೆ.

ಪರಚು ಮತ್ತು ಕಡಿತದ ಅಪಾಯವೂ ಇದೆ. ಹೆದರಿದ ಬೆಕ್ಕು ಸಾಮಾನ್ಯವಾಗಿ ಮೊದಲು ಕಚ್ಚುವುದು ಅದನ್ನು ಹಿಡಿದಿರುವ ಮಾಲೀಕರನ್ನೇ. ಲಸಿಕೆ ಹಾಕಿಸಲೆಂದು ತಂದ, ಇನ್ನೂ ಲಸಿಕೆಯಾಗದ ಬೆಕ್ಕು ಕಚ್ಚಿದಲ್ಲಿ ಅಥವಾ ರಕ್ತ ಬರುವಂತೆ ಪರಚಿದಲ್ಲಿ ಗಾಯವನ್ನು ತಕ್ಷಣ ಸೋಪು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು, ವಿಳಂಬ ಮಾಡದೆ ಆಸ್ಪತ್ರೆಗೆ ತೆರಳಿ ರೇಬೀಸ್ ನಿರೋಧಕ ಚುಚ್ಚುಮದ್ದಿನ ಬಗ್ಗೆ ವೈದ್ಯರ ಸಲಹೆ ಪಡೆಯತಕ್ಕದ್ದು.

ಕತ್ತಿನ ಹಿಂಭಾಗದ ಚರ್ಮವನ್ನು ಬಿಗಿಯಾಗಿ ಹಿಡಿದು ಬೆಕ್ಕನ್ನು ಅಲುಗಾಡದಂತೆ ಮಾಡುವ ಹಳೆಯ ಪದ್ಧತಿಯನ್ನು ಈಗ ಪ್ರೋತ್ಸಾಹಿಸಲಾಗುತ್ತಿಲ್ಲ. ಅಮೆರಿಕದ ಬೆಕ್ಕು ಚಿಕಿತ್ಸಾ ತಜ್ಞರ ಸಂಘ ಹಾಗೂ ಅಂತರರಾಷ್ಟ್ರೀಯ ಬೆಕ್ಕು ವೈದ್ಯಕೀಯ ಸಂಸ್ಥೆಗಳು 2022ರಲ್ಲಿ ಜಂಟಿಯಾಗಿ ಹೊರತಂದ ಮಾರ್ಗಸೂಚಿಯು ಈ ಪದ್ಧತಿಯನ್ನು ಕೈಬಿಡುವಂತೆ ಸೂಚಿಸಿದೆ. ಹಾಗೆ ಹಿಡಿದಾಗ ಬೆಕ್ಕು ಸುಮ್ಮನಾಗುವುದು ನಿಜ. ಆದರೆ ಸುಮ್ಮನಾದ ಮಾತ್ರಕ್ಕೆ ಭಯ ಹೋಯಿತೆಂದು ತಿಳಿಯಬಾರದು.

ಗ್ಯಾಬಾಪೆಂಟಿನ್

ಈ ಉದ್ದೇಶಕ್ಕೆ ಪಶುವೈದ್ಯರು ಹೆಚ್ಚಾಗಿ ಸೂಚಿಸುವ ಔಷಧಿ ಗ್ಯಾಬಾಪೆಂಟಿನ್. ಇದು ಮೂಲತಃ ಮನುಷ್ಯರಲ್ಲಿ ಮೂರ್ಛೆ ರೋಗಕ್ಕೂ ನರಗಳ ನೋವಿಗೂ ಬಳಸುವ ಔಷಧಿ. 2017ರಲ್ಲಿ ಅಮೆರಿಕದ ಪಶುವೈದ್ಯಕೀಯ ಸಂಘದ ನಿಯತಕಾಲಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಆಸ್ಪತ್ರೆಯಲ್ಲಿ ಗಾಬರಿಗೊಳ್ಳುವ ಸ್ವಭಾವದ 20 ಬೆಕ್ಕುಗಳಿಗೆ ಒಂದು ಭೇಟಿಯ ಮುನ್ನ 100 ಮಿಲಿಗ್ರಾಂ ಗ್ಯಾಬಾಪೆಂಟಿನ್ ಅನ್ನೂ ಇನ್ನೊಂದು ಭೇಟಿಯ ಮುನ್ನ ಔಷಧಿಯಿಲ್ಲದ ಕ್ಯಾಪ್ಸೂಲನ್ನೂ ಬುಟ್ಟಿಗೆ ಹಾಕುವ 90 ನಿಮಿಷ ಮೊದಲು ನೀಡಲಾಗಿತ್ತು. ಔಷಧಿ ಪಡೆದ ದಿನ ಪ್ರಯಾಣದಲ್ಲೂ ಪರೀಕ್ಷೆಯಲ್ಲೂ ಬೆಕ್ಕುಗಳ ಗಾಬರಿ ಕಡಿಮೆಯಾಗಿದ್ದುದು ಕಂಡುಬಂದಿತು. ಮಂಪರು, ನಡಿಗೆಯಲ್ಲಿ ತೂರಾಟ, ಕೆಲವು ಬೆಕ್ಕುಗಳಲ್ಲಿ ಜೊಲ್ಲು ಮತ್ತು ವಾಂತಿ ಕಾಣಿಸಿದರೂ ಅವೆಲ್ಲ 8 ಗಂಟೆಗಳೊಳಗೆ ಇಳಿದುಹೋದವು.

ಅಂದ ಮಾತ್ರಕ್ಕೆ 100 ಮಿಲಿಗ್ರಾಂ ಎಲ್ಲ ಬೆಕ್ಕುಗಳಿಗೂ ಸರಿಹೊಂದುವ ಪ್ರಮಾಣವಲ್ಲ. ಗ್ಯಾಬಾಪೆಂಟಿನ್ ದೇಹದಿಂದ ಹೊರಹೋಗುವುದು ಮೂತ್ರಪಿಂಡಗಳ ಮೂಲಕ. ವಯಸ್ಸಾದ ಬೆಕ್ಕುಗಳಲ್ಲಿ ಮೂತ್ರಪಿಂಡದ ಕಾಯಿಲೆ ಸಾಮಾನ್ಯವಾಗಿದ್ದು, ಹೊರನೋಟಕ್ಕೆ ಹೆಚ್ಚು ನೀರು ಕುಡಿಯುವುದು ಮತ್ತು ಸೊರಗುವುದು ಮಾತ್ರ ತಿಳಿಯುತ್ತದೆ. ಇಂತಹ ಬೆಕ್ಕಿನಲ್ಲಿ ಔಷಧಿ ಹೆಚ್ಚು ಹೊತ್ತು ಉಳಿಯುವುದರಿಂದ ಪ್ರಮಾಣವನ್ನು ತಗ್ಗಿಸಬೇಕಾಗುತ್ತದೆ. ಮರಿಗಳು, ಗರ್ಭ ಧರಿಸಿದ ಬೆಕ್ಕುಗಳು, ಹೃದಯದ ಅಥವಾ ಉಸಿರಾಟದ ತೊಂದರೆಯಿರುವ ಬೆಕ್ಕುಗಳು, ಬೇರೆ ಔಷಧಿ ಸೇವಿಸುತ್ತಿರುವ ಬೆಕ್ಕುಗಳು ಇವುಗಳ ವಿಷಯವನ್ನು ವೈದ್ಯರೇ ತೀರ್ಮಾನಿಸಬೇಕು.

ಇದೇ ಉದ್ದೇಶಕ್ಕೆ ಟ್ರಾಜೊಡೋನ್ ಎಂಬ ಔಷಧಿಯನ್ನೂ ಕೆಲವು ವೈದ್ಯರು ಸೂಚಿಸುತ್ತಾರೆ. ಪ್ರಿಗಾಬಾಲಿನ್ ಔಷಧಿಯ ದ್ರವರೂಪಕ್ಕೆ, ಬೆಕ್ಕುಗಳ ಪ್ರಯಾಣ ಮತ್ತು ವೈದ್ಯರ ಭೇಟಿಯ ಗಾಬರಿಗೆಂದೇ, ಐರೋಪ್ಯ ಒಕ್ಕೂಟದಲ್ಲಿ 2021ರಲ್ಲೂ ಅಮೆರಿಕದಲ್ಲಿ 2023ರಲ್ಲೂ ಅನುಮತಿ ದೊರೆತಿದೆ. ಅಸಿಪ್ರೊಮಜಿನ್ ಎಂಬ ಹಳೆಯ ಔಷಧಿಯ ಬಗ್ಗೆ ಒಂದು ಮಾತು ಹೇಳಬೇಕಾಗುತ್ತದೆ: ಅದು ಬೆಕ್ಕಿನ ಚಲನೆಯನ್ನು ತಗ್ಗಿಸುತ್ತದೆಯೇ ಹೊರತು ಭಯವನ್ನಲ್ಲ, ರಕ್ತದೊತ್ತಡವನ್ನೂ ಇಳಿಸುತ್ತದೆ. ಆದುದರಿಂದ ಭಯ ಶಮನಕ್ಕೆ ಅದೊಂದನ್ನೇ ನೀಡುವುದು ಸೂಕ್ತವಲ್ಲ.

ಔಷಧಿ ಪಡೆಯುವ ವಿಧಾನ

ಗ್ಯಾಬಾಪೆಂಟಿನ್ ಅನ್ನು ನೋಂದಾಯಿತ ವೈದ್ಯರ ಚೀಟಿಯ ಮೇಲೆ ಮಾತ್ರ ಮಾರಾಟ ಮಾಡಬೇಕಾಗಿರುತ್ತದೆ. ಬೆಕ್ಕಿಗಾದಲ್ಲಿ ನೋಂದಾಯಿತ ಪಶುವೈದ್ಯರ ಚೀಟಿ ಪಡೆಯಬೇಕು. ಆದರೆ ಆಸ್ಪತ್ರೆಗೆ ಬರಲೊಲ್ಲದ ಬೆಕ್ಕಿಗೆ ಔಷಧಿ ಬರೆಸಲು ಮೊದಲು ಅದನ್ನೇ ಆಸ್ಪತ್ರೆಗೆ ತರಬೇಕೇ ಎಂಬ ಪ್ರಶ್ನೆ ಸಹಜ. ಸಾಕುವವರು ಮೊದಲು ತಾವೊಬ್ಬರೇ ಬಂದು ವೈದ್ಯರೊಡನೆ ಮಾತನಾಡುವುದು ಉತ್ತಮ. ಅದೇ ವೈದ್ಯರು ಹಿಂದೆ ಪರೀಕ್ಷಿಸಿದ ಬೆಕ್ಕಾಗಿದ್ದಲ್ಲಿ ಹಳೆಯ ಚೀಟಿ, ಲಸಿಕಾ ಪುಸ್ತಕ ಹಾಗೂ ಬೆಕ್ಕು ನಡೆದಾಡುತ್ತಿರುವ, ಉಣ್ಣುತ್ತಿರುವ ಕಿರು ವಿಡಿಯೋವನ್ನು ಮೊಬೈಲಿನಲ್ಲಿ ತಂದು ತೋರಿಸಿದರೆ ತೀರ್ಮಾನ ಸುಲಭವಾಗುತ್ತದೆ. ಇದುವರೆಗೆ ಯಾವ ವೈದ್ಯರೂ ನೋಡದ ಬೆಕ್ಕಿಗೆ ಔಷಧಿ ಬರೆಯಬಹುದೇ, ಮೊದಲು ನೋಡಲೇಬೇಕೇ ಎಂಬುದು ವೈದ್ಯರ ವಿವೇಚನೆಗೆ ಬಿಟ್ಟದ್ದು; ಒತ್ತಾಯಿಸುವುದು ತರವಲ್ಲ.

ಬೆಕ್ಕಿನ ತೂಕ ಅವಶ್ಯವಾಗಿ ಬೇಕು. ಮಾಲೀಕರು ತೂಕದ ಯಂತ್ರದ ಮೇಲೆ ಬೆಕ್ಕನ್ನೆತ್ತಿಕೊಂಡು ಒಮ್ಮೆ, ಬೆಕ್ಕಿಲ್ಲದೆ ಒಮ್ಮೆ ನಿಂತು ವ್ಯತ್ಯಾಸ ಕಳೆದರೆ ಸಾಕು. ಬೆಕ್ಕಿನ ವಯಸ್ಸು, ಮೂತ್ರದ ತೊಂದರೆ, ಹಿಂದೆ ಯಾವುದಾದರೂ ಔಷಧಿಗೆ ಆದ ಪ್ರತಿಕ್ರಿಯೆ, ಬರಲಿರುವ ಭೇಟಿಯ ಉದ್ದೇಶ ಇವನ್ನು ತಿಳಿಸತಕ್ಕದ್ದು. ಶಸ್ತ್ರಚಿಕಿತ್ಸೆಗಾಗಿ ಬರುವುದಾದಲ್ಲಿ ಬೆಕ್ಕು ಖಾಲಿ ಹೊಟ್ಟೆಯಲ್ಲಿ ಇರಬೇಕಾಗುವುದರಿಂದ, ಔಷಧಿಯನ್ನು ಎಷ್ಟು ಆಹಾರದಲ್ಲಿ, ಯಾವಾಗ ನೀಡಬೇಕೆಂದು ಕೇಳಿ ಬರೆಸಿಕೊಳ್ಳಬೇಕು.

ಔಷಧಿ ಅಂಗಡಿಯಲ್ಲಿ ಒಂದು ಎಚ್ಚರಿಕೆ ಅಗತ್ಯ. ನಮ್ಮ ದೇಶದಲ್ಲಿ ಗ್ಯಾಬಾಪೆಂಟಿನ್ ಜೊತೆ ಮಿಥೈಲ್‌ಕೊಬಾಲಮಿನ್ ಅಥವಾ ನಾರ್ಟ್ರಿಪ್ಟಿಲಿನ್ ಬೆರೆತ ಮಾತ್ರೆಗಳು ಹೇರಳವಾಗಿ ಮಾರಾಟವಾಗುತ್ತವೆ. ಹೆಸರು ಹತ್ತಿರವಿರುವುದರಿಂದ ಒಂದರ ಬದಲು ಇನ್ನೊಂದನ್ನು ಕೊಡುವ ಸಂಭವವಿದೆ. ಬೆಕ್ಕಿಗೆ ಬೇಕಾದುದು ಗ್ಯಾಬಾಪೆಂಟಿನ್ ಒಂದೇ ಇರುವ ಕ್ಯಾಪ್ಸೂಲ್. 300 ಮಿಲಿಗ್ರಾಂ ಕ್ಯಾಪ್ಸೂಲನ್ನು ಬಿಡಿಸಿ ಕಣ್ಣಳತೆಯಲ್ಲಿ ಮೂರು ಪಾಲು ಮಾಡುವುದು ಸುರಕ್ಷಿತವಲ್ಲ. 100 ಮಿಲಿಗ್ರಾಂ ಕ್ಯಾಪ್ಸೂಲನ್ನೇ ಕೇಳಿ ಪಡೆಯಬೇಕು. ಮನುಷ್ಯರಿಗಾಗಿ ತಯಾರಾದ ದ್ರವರೂಪದ ಗ್ಯಾಬಾಪೆಂಟಿನ್‌ನಲ್ಲಿ ಝೈಲಿಟಾಲ್ ಎಂಬ ಸಿಹಿಕಾರಕ ಇರಬಹುದು. ಇದು ನಾಯಿಗಳಿಗೆ ವಿಷ. ಬೆಕ್ಕು ಬಿಟ್ಟ ತಟ್ಟೆಯನ್ನು ಮನೆಯ ನಾಯಿ ನೆಕ್ಕುವ ಸಾಧ್ಯತೆಯನ್ನು ಮರೆಯಬಾರದು.

ಮನೆಯಲ್ಲಿ ನೀಡುವ ಕ್ರಮ

ಭೇಟಿಯ ದಿನವೇ ಮೊದಲ ಬಾರಿಗೆ ಔಷಧಿ ನೀಡುವುದು ಬೇಡ. ಒಂದು ವಾರ ಮುಂಚಿತವಾಗಿ, ದಿನವಿಡೀ ಮನೆಯಲ್ಲಿ ಒಬ್ಬರು ಇರುವ ಭಾನುವಾರದಂತಹ ದಿನ, ವೈದ್ಯರು ಬರೆದ ಪ್ರಮಾಣವನ್ನು ಒಮ್ಮೆ ನೀಡಿ ನೋಡಬೇಕು. ಎಷ್ಟು ಹೊತ್ತಿಗೆ ಪರಿಣಾಮ ಆರಂಭವಾಯಿತು, ಎಷ್ಟು ಮಂಪರು ಬಂದಿತು, ವಾಂತಿಯಾಯಿತೇ ಎಂಬುದನ್ನು ಗುರುತು ಹಾಕಿಕೊಂಡು ವೈದ್ಯರಿಗೆ ತಿಳಿಸಿದಲ್ಲಿ ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡಲು ಅನುಕೂಲವಾಗುತ್ತದೆ. ಇಡೀ ಕ್ರಮದಲ್ಲಿ ಜನರು ಸಾಮಾನ್ಯವಾಗಿ ಬಿಟ್ಟುಬಿಡುವ ಹಂತ ಇದೇ.

ಭೇಟಿಯ ದಿನ, ವೈದ್ಯರು ಬೇರೆ ಸಮಯ ಸೂಚಿಸದಿದ್ದಲ್ಲಿ, ಹೊರಡುವುದಕ್ಕೆ ಒಂದೂವರೆಯಿಂದ ಎರಡು ಗಂಟೆ ಮುಂಚೆ ಔಷಧಿ ನೀಡಬೇಕು. ಬೆಳಿಗ್ಗೆ 9 ಗಂಟೆಗೆ ಮನೆ ಬಿಡುವುದಾದರೆ 7 ಗಂಟೆಗೆ ನೀಡುವುದು ಸರಿ. ಬೆಕ್ಕು ಹೆದರಿ ಮಂಚದಡಿ ಸೇರಿದ ಮೇಲೆ ಹಿಡಿದು ನುಂಗಿಸಿದ ಔಷಧಿಯಿಂದ ನಿರೀಕ್ಷಿತ ಫಲ ದೊರೆಯುವುದಿಲ್ಲ. ಭಯ ಆರಂಭವಾಗುವ ಮೊದಲೇ ಔಷಧಿ ಕೆಲಸ ಮಾಡತೊಡಗಬೇಕು. ಕೆಲವು ಬೆಕ್ಕುಗಳಿಗೆ ಹಿಂದಿನ ರಾತ್ರಿ ಒಂದು ಬಾರಿ, ಬೆಳಿಗ್ಗೆ ಇನ್ನೊಂದು ಬಾರಿ ನೀಡುವಂತೆ ವೈದ್ಯರು ಸೂಚಿಸುವುದುಂಟು.

ಕ್ಯಾಪ್ಸೂಲಿನ ಪುಡಿ ಕಹಿ. ಅದನ್ನು ಬಿಡಿಸಿ, ಮುಳ್ಳು ತೆಗೆದ ಬೇಯಿಸಿದ ಮೀನಿನ ಅಥವಾ ಕೋಳಿಮಾಂಸದ ಒಂದು ಚಮಚದಷ್ಟು ತುಣುಕಿನಲ್ಲಿ ಕಲೆಸಿ ಕೊಡಬಹುದು. ಮೊದಲು ಔಷಧಿಯಿಲ್ಲದ ಒಂದು ತುತ್ತು ಕೊಟ್ಟು ನಂತರ ಇದನ್ನು ಕೊಟ್ಟರೆ ತಿನ್ನುವ ಸಂಭವ ಹೆಚ್ಚು. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿಗೆ ವಿಷವಾದುದರಿಂದ ಸಾರಿನಿಂದ ತೆಗೆದ ಮೀನು ಬೇಡ. ತಟ್ಟೆ ತುಂಬ ಅನ್ನದಲ್ಲಿ ಬೆರೆಸಿದರೆ ಅರ್ಧ ತಿಂದು ಬಿಟ್ಟಾಗ ಎಷ್ಟು ಔಷಧಿ ಒಳಗೆ ಹೋಯಿತೆಂದು ತಿಳಿಯುವುದಿಲ್ಲ. ಉಗುಳಿದರೆ ಅಥವಾ ವಾಂತಿ ಮಾಡಿದರೆ ಅಂದಾಜಿನ ಮೇಲೆ ಮತ್ತೊಮ್ಮೆ ನೀಡಬಾರದು. ವೈದ್ಯರಿಗೆ ದೂರವಾಣಿ ಮೂಲಕ ತಿಳಿಸಬೇಕು.

ಔಷಧಿಯೊಂದೇ ಎಲ್ಲವನ್ನೂ ಮಾಡಲಾರದು. ಕ್ಯಾರಿಯರ್ ಎಂದು ಕರೆಯಲಾಗುವ ಗಟ್ಟಿಯಾದ ಸಾಗಣೆ ಬುಟ್ಟಿಯನ್ನು ಕೆಲವು ದಿನ ಮೊದಲೇ ಹೊರತೆಗೆದು, ಬೆಕ್ಕು ಮಲಗುವ ಹಳೆಯ ಬಟ್ಟೆಯನ್ನು ಒಳಗೆ ಹಾಸಿ, ಬಾಗಿಲು ತೆರೆದಿಟ್ಟು, ಅದರಲ್ಲೇ ಆಗಾಗ ಊಟ ಇಟ್ಟರೆ ಬೆಕ್ಕು ತಾನಾಗಿಯೇ ಒಳಗೆ ಹೋಗುವುದನ್ನು ಕಲಿಯುತ್ತದೆ. ಪ್ರಯಾಣದಲ್ಲಿ ಬುಟ್ಟಿಯ ಮೇಲೆ ಗಾಳಿಯಾಡುವ ತೆಳುವಾದ ಟವೆಲ್ ಹೊದಿಸಬೇಕು. ಆಸ್ಪತ್ರೆಯಲ್ಲಿ ಬುಟ್ಟಿಯನ್ನು ನಾಯಿಗಳ ಮೂಗಿನ ಎತ್ತರದಲ್ಲಿ ನೆಲದ ಮೇಲೆ ಇಡದೆ ಬೆಂಚಿನ ಮೇಲೆ ಇಡುವುದು ಒಳಿತು. ಔಷಧಿ ಪಡೆದ ಬೆಕ್ಕನ್ನು ತೋಳಿನಲ್ಲಿ ಎತ್ತಿಕೊಂಡು ದ್ವಿಚಕ್ರ ವಾಹನದಲ್ಲಿ ತರುವುದು ಅಪಾಯಕರ. ಬಂದೊಡನೆ ಯಾವ ಔಷಧಿ, ಎಷ್ಟು, ಎಷ್ಟು ಗಂಟೆಗೆ ನೀಡಲಾಯಿತೆಂದು ವೈದ್ಯರಿಗೆ ಹೇಳತಕ್ಕದ್ದು.

ಮನೆಗೆ ಮರಳಿದ ನಂತರ ಬೆಕ್ಕಿನ ಹಿಂಗಾಲು ತೂರಾಡಬಹುದು. ಆ ಸ್ಥಿತಿಯಲ್ಲಿ ಅದು ತಾನು ದಿನವೂ ಹಾರುವ ಕಾಂಪೌಂಡು ಗೋಡೆಯನ್ನು ಹಾರಲು ಹೋಗಿ ಬೀಳುತ್ತದೆ. ತಾರಸಿ, ಬಾಲ್ಕನಿ, ತೆರೆದ ಬಾವಿ, ರಸ್ತೆ ಇವುಗಳಿಂದ ದೂರವಾಗಿ, ಮರುದಿನ ಬೆಳಗಿನವರೆಗೆ ಒಂದು ಕೋಣೆಯಲ್ಲಿ ಇರಿಸಬೇಕು. ಆಸ್ಪತ್ರೆಯ ವಾಸನೆ ಹೊತ್ತು ಬಂದ ಬೆಕ್ಕಿನ ಮೇಲೆ ಮನೆಯ ಇನ್ನೊಂದು ಬೆಕ್ಕು ಎರಗುವುದೂ ಉಂಟು. ಕರೆದರೂ ಎಚ್ಚರಗೊಳ್ಳದಿದ್ದಲ್ಲಿ, ಉಸಿರಾಟ ತೀರ ನಿಧಾನವಾದಲ್ಲಿ ಅಥವಾ ಮರುದಿನವೂ ಮಂಪರು ಇಳಿಯದಿದ್ದಲ್ಲಿ ಕೂಡಲೇ ವೈದ್ಯರನ್ನು ಸಂಪರ್ಕಿಸಬೇಕು.

ಎಂದಿಗೂ ನೀಡಬಾರದ ಮಾತ್ರೆಗಳು

ಮನೆಯ ಔಷಧಿ ಡಬ್ಬಿಯಲ್ಲಿರುವ ಪ್ಯಾರಾಸಿಟಮಾಲ್ ಬೆಕ್ಕಿಗೆ ಮಾರಕ. ಆ ಔಷಧಿಯನ್ನು ನಿರಪಾಯಗೊಳಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. 500 ಮಿಲಿಗ್ರಾಂನ ಒಂದೇ ಮಾತ್ರೆ ಒಂದು ಬೆಕ್ಕನ್ನು ಕೊಲ್ಲಬಲ್ಲದು. ರಕ್ತವು ಆಮ್ಲಜನಕವನ್ನು ಸಾಗಿಸುವ ಸಾಮರ್ಥ್ಯ ಕಳೆದುಕೊಂಡು ಒಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಮತ್ತು ಪಾದಗಳು ಊದಿಕೊಳ್ಳುತ್ತವೆ. "ಸ್ವಲ್ಪ ಸುಮ್ಮನಿರಲಿ" ಎಂದು ಕಾಲು ಮಾತ್ರೆ ಕೊಡುವುದೂ ಸಲ್ಲದು. ಕೊಟ್ಟಿರುವುದು ತಿಳಿದಲ್ಲಿ ಲಕ್ಷಣಗಳಿಗಾಗಿ ಕಾಯದೆ ಆಸ್ಪತ್ರೆಗೆ ಧಾವಿಸಬೇಕು.

ಹಿರಿಯರು ನಿದ್ರೆಗೆಂದು ಸೇವಿಸುವ ಮಾತ್ರೆಗಳನ್ನೂ ಬೆಕ್ಕಿಗೆ ನೀಡಬಾರದು. ಡಯಾಜೆಪಾಮ್ ಬಾಯಿಯ ಮೂಲಕ ನೀಡಲಾದ ಕೆಲವು ಬೆಕ್ಕುಗಳಲ್ಲಿ ಯಕೃತ್ತು ಹಠಾತ್ತನೆ ವಿಫಲವಾಗಿರುವುದು ದಾಖಲಾಗಿದೆ. ಆಲ್‌ಪ್ರಜೋಲಾಮ್‌ನಂತಹ ಮಾತ್ರೆಗಳಿಂದ ಕೆಲವು ಬೆಕ್ಕುಗಳು ಶಾಂತವಾಗುವ ಬದಲು ಇನ್ನಷ್ಟು ಕೆರಳುತ್ತವೆ.

ಔಷಧಿ ನೀಡದೆ ತಕ್ಷಣ ಕರೆತರಬೇಕಾದ ಸಂದರ್ಭಗಳು

ಗಂಡು ಬೆಕ್ಕು ಪದೇ ಪದೇ ಮೂತ್ರಕ್ಕೆ ಕುಳಿತು, ತಿಣುಕಿ, ಕೂಗಿದರೂ ಮೂತ್ರ ಬಾರದಿದ್ದಲ್ಲಿ ಅದು ಮೂತ್ರನಾಳದ ತಡೆಯಾಗಿರಬಹುದು. ಒಂದೆರಡು ದಿನಗಳಲ್ಲಿ ಪ್ರಾಣ ಹೋಗುವ ಸ್ಥಿತಿ ಇದು. ಬಾಯಿ ತೆರೆದು ಉಸಿರಾಡುವುದು, ಅಪಘಾತ, ವಿಷ ಸೇವನೆ, ಹಿಂಗಾಲುಗಳು ಹಠಾತ್ತನೆ ಸ್ವಾಧೀನ ತಪ್ಪುವುದು, ಎದ್ದೇಳಲಾಗದ ನಿತ್ರಾಣ ಇವೂ ಇದೇ ವರ್ಗಕ್ಕೆ ಸೇರುತ್ತವೆ. ಇಲ್ಲಿ ಎರಡು ಗಂಟೆ ಕಾದು ಭಯ ಶಮನ ಮಾಡುವ ವ್ಯವಧಾನವಿಲ್ಲ. ದುರ್ಬಲ ದೇಹಕ್ಕೆ ಮಂಪರಿನ ಔಷಧಿಯೂ ಸಲ್ಲದು. ದಪ್ಪ ಟವೆಲ್‌ನಲ್ಲಿ ಸುತ್ತಿ, ಬುಟ್ಟಿಯಲ್ಲಿರಿಸಿ ನೇರವಾಗಿ ತರಬೇಕು. ಅಗತ್ಯವಿದ್ದಲ್ಲಿ ವೈದ್ಯರೇ ಚುಚ್ಚುಮದ್ದಿನ ಮೂಲಕ ಶಮನಕಾರಿ ನೀಡುತ್ತಾರೆ.

ರೇಬೀಸ್ ಲಸಿಕೆಯನ್ನು ಬೆಕ್ಕಿಗೆ ಮೂರು ತಿಂಗಳು ತುಂಬಿದ ನಂತರ ಮೊದಲ ಬಾರಿಗೆ, ಒಂದು ವರ್ಷದ ನಂತರ ಮತ್ತೊಮ್ಮೆ, ಆ ಬಳಿಕ ವೈದ್ಯರು ಲಸಿಕಾ ಪುಸ್ತಕದಲ್ಲಿ ನಮೂದಿಸಿದ ದಿನಾಂಕದಂದು ಹಾಕಿಸಬೇಕಾಗಿರುತ್ತದೆ. ಹಿಂದಿನ ಭೇಟಿಯಲ್ಲಿ ತೀವ್ರವಾಗಿ ಗಾಬರಿಗೊಂಡ ಬೆಕ್ಕನ್ನು ಸಾಕುವವರು ಈ ದಿನಾಂಕಕ್ಕೆ ಕನಿಷ್ಠ ಎರಡು ವಾರ ಮುಂಚಿತವಾಗಿ ಸಮೀಪದ ಪಶು ಆಸ್ಪತ್ರೆಯ ವೈದ್ಯರನ್ನು ಕಂಡು ಔಷಧಿಯ ಬಗ್ಗೆ ವಿಚಾರಿಸಬಹುದಾಗಿದೆ.